ನನ್ನ ಮಗನಿಗೆ ನಾನು ಬೇಕೇ? ಆಟಿಸಂ ಇರುವ ಮಗುವಿನ ತಾಯಿಗೆ ಉತ್ತರ

ಪ್ರಶ್ನೆ: ನನ್ನ ಮಗನಿಗೆ ಈಗ ಮೂರು ವರ್ಷ ಎಂಟು ತಿಂಗಳು. ಅವನಿಗೆ ಆಟಿಸಂ ಇದೆ ಎಂದು ಎರಡು ತಿಂಗಳ ಹಿಂದೆ ವೈದ್ಯರು ಹೇಳಿದರು. ಒಂದೂವರೆ ವರ್ಷದವನಿದ್ದಾಗ ಅಮ್ಮ, ಹಾಲು, ಬಾ ಎಂಬಂತಹ ಏಳೆಂಟು ಮಾತುಗಳನ್ನು ಆಡುತ್ತಿದ್ದ. ಎರಡು ತುಂಬುವ ಹೊತ್ತಿಗೆ ಅವು ನಿಂತುಹೋದವು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ, ಬೇಕಾದುದನ್ನು ಬೆರಳು ಮಾಡಿ ತೋರಿಸುವುದಿಲ್ಲ. ನಾನು ಕೆಲಸದಿಂದ ಮನೆಗೆ ಬಂದರೆ ಓಡಿ ಬಂದು ತಬ್ಬಿಕೊಳ್ಳುವುದೂ ಇಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಆಟಿಕೆಯ ಕಪಾಟಿನ ಮೇಲೆ ಇಡುತ್ತಾನೆ, ಆದರೆ ನನ್ನ ಮುಖ ನೋಡುವುದಿಲ್ಲ. ಯಂತ್ರಗಳ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ, ರಾತ್ರಿ ಬಹಳ ಹೊತ್ತು ನಿದ್ದೆ ಮಾಡುವುದಿಲ್ಲ. ನಾನು ಕೆಲಸಕ್ಕೆ ಹೋಗಿದ್ದರಿಂದ, ಫೋನು ಕೊಟ್ಟಿದ್ದರಿಂದ ಹೀಗಾಯಿತು ಎಂದು ಅತ್ತೆಯವರು ಹೇಳುತ್ತಾರೆ. ಲಸಿಕೆಯಿಂದ ಆಯಿತು ಎಂಬುದು ನಾದಿನಿಯ ಮಾತು. ಗಂಡುಮಕ್ಕಳಿಗೆ ಮಾತು ತಡ, ಐದು ವರ್ಷದವರೆಗೆ ಕಾಯೋಣ ಎನ್ನುತ್ತಾರೆ ನನ್ನ ಪತಿ. ಒಂದು ಥೆರಪಿ ಕೇಂದ್ರದವರು ವಾರಕ್ಕೆ 40 ಗಂಟೆ ತರಬೇತಿ ಬೇಕು, ನೀವು ಕೆಲಸ ಬಿಡಬೇಕು, ಐದು ವರ್ಷದೊಳಗೆ ಮಾತು ಬಾರದಿದ್ದರೆ ಮುಂದೆ ಬರುವುದೇ ಇಲ್ಲ ಎಂದರು. ಪರಿಚಯದವರೊಬ್ಬರು ಮೈಗೆ ಮೂಲಕೋಶಗಳನ್ನು ಸೇರಿಸುವ ಸ್ಟೆಮ್ ಸೆಲ್ ಚಿಕಿತ್ಸೆಯ ವಿಳಾಸ ಕೊಟ್ಟಿದ್ದಾರೆ. ನಮಗೆ ಇನ್ನೊಂದು ಮಗು ಬೇಕೆಂಬ ಆಸೆಯಿದೆ, ಭಯವೂ ಇದೆ. ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಒಂದೇ: ನನ್ನ ಮಗನಿಗೆ ನಾನು ಬೇಕೇ? ನನ್ನ ಜಾಗದಲ್ಲಿ ಯಾರಿದ್ದರೂ ಅವನಿಗೆ ಒಂದೇ ಏನೋ ಎನಿಸುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿರುವ ಪ್ರಶ್ನೆಗಳಲ್ಲಿ ಕೆಲವಕ್ಕೆ ವಿಜ್ಞಾನದಲ್ಲಿ ಸ್ಪಷ್ಟ ಉತ್ತರವಿದೆ, ಕೆಲವನ್ನು ನಿಮ್ಮ ಮನೆಯ ಪರಿಸ್ಥಿತಿ ನೋಡಿಕೊಂಡು ನೀವೇ ತೀರ್ಮಾನಿಸಬೇಕು. ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಯನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ನಿರ್ಧಾರಗಳೆಲ್ಲ ಅದನ್ನೇ ಆಧರಿಸಿವೆ. ಮಗನಿಗೆ ತಾನು ಬೇಡ ಎಂದು ಒಳಗೊಳಗೇ ನಂಬಿಬಿಟ್ಟ ತಾಯಿ ಅವನನ್ನು ಪರಿಣತರ ಕೈಗೆ ಒಪ್ಪಿಸಿ ತಾನು ಹಿಂದೆ ಸರಿಯುತ್ತಾಳೆ. ಮಗುವಿಗೆ ಅದರಿಂದ ಆಗುವ ನಷ್ಟವನ್ನು ಯಾವ ತರಬೇತಿಯೂ ತುಂಬಲಾರದು.

ಆಟಿಸಂ ಇರುವ ಮಕ್ಕಳಿಗೆ ಹೆತ್ತವರ ಮೇಲೆ ಅಂಟಿಕೊಳ್ಳುವ ಮಮತೆ ಇರುವುದಿಲ್ಲ ಎಂಬ ನಂಬಿಕೆ ಬಹಳ ಹಳೆಯದು. 1980ರ ದಶಕದಲ್ಲಿ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿದರು. ಮಗು, ತಾಯಿ ಮತ್ತು ಅಪರಿಚಿತರೊಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಿ, ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಮರಳಿ ಬಂದಾಗ ಮಗು ಏನು ಮಾಡುತ್ತದೆ ಎಂದು ಗಮನಿಸುವ ಸರಳ ವಿಧಾನವದು. ಆಟಿಸಂ ಇರುವ ಮಕ್ಕಳೂ ಅಪರಿಚಿತರಿಗಿಂತ ತಾಯಿಯ ಕಡೆಗೇ ಹೆಚ್ಚು ಸರಿದರು, ತಾಯಿಯ ಹತ್ತಿರವೇ ಹೆಚ್ಚು ನಿಂತರು. 2004ರಲ್ಲಿ ಇಂತಹ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವರಿಗೆ ಹೆತ್ತವರೊಂದಿಗೆ ಭದ್ರವಾದ ಬಾಂಧವ್ಯವಿರುವುದು ಕಂಡುಬಂತು. ಇತರ ಮಕ್ಕಳಲ್ಲಿ ಈ ಪಾಲು ಸುಮಾರು ಮೂರನೇ ಎರಡರಷ್ಟು. ವ್ಯತ್ಯಾಸವಿದೆ, ಆದರೆ ಮಮತೆಯೇ ಇಲ್ಲ ಎನ್ನುವಂತಹ ವ್ಯತ್ಯಾಸವಲ್ಲ.

ಹಾಗಾದರೆ ನಿಮಗೆ ಅದು ಏಕೆ ಕಾಣುತ್ತಿಲ್ಲ? ಮಕ್ಕಳು ಪ್ರೀತಿಯನ್ನು ತೋರಿಸುವಾಗ ಮೂರು ಕೆಲಸಗಳು ಒಟ್ಟಿಗೆ ನಡೆಯಬೇಕು ಎಂದು ನಾವು ನಿರೀಕ್ಷಿಸುತ್ತೇವೆ: ಕಣ್ಣು ನಮ್ಮ ಮುಖದ ಮೇಲಿರಬೇಕು, ಮೈ ನಮ್ಮತ್ತ ಬರಬೇಕು, ಬಾಯಿ ನಮ್ಮ ಹೆಸರು ಹೇಳಬೇಕು. ಆಟಿಸಂ ಇರುವ ಮಗುವಿಗೆ ಈ ಮೂರನ್ನು ಏಕಕಾಲಕ್ಕೆ ಹೊಂದಿಸುವುದೇ ಕಷ್ಟ. ಮಾತು ಚೆನ್ನಾಗಿ ಬರುವ ಆಟಿಸಂನ ವಯಸ್ಕರಲ್ಲಿ ಅನೇಕರು, ಎದುರಿನವರ ಕಣ್ಣನ್ನು ನೋಡುತ್ತಿದ್ದರೆ ಅವರ ಮಾತು ತಲೆಗೆ ಹೋಗುವುದಿಲ್ಲ ಎಂದೂ ಕೆಲವರಿಗೆ ಅದು ನೋವಿನಷ್ಟೇ ಅಸಹನೀಯವೆಂದೂ ವಿವರಿಸಿದ್ದಾರೆ. ನಿಮ್ಮ ಮಗ ನಿಮ್ಮ ಕೈಯನ್ನು ಒಯ್ದು ಕಪಾಟಿನ ಮೇಲೆ ಇಡುವುದನ್ನು ಪಠ್ಯಪುಸ್ತಕಗಳು 'ಕೈಯನ್ನು ಉಪಕರಣದಂತೆ ಬಳಸುವುದು' ಎಂಬ ಲಕ್ಷಣಗಳ ಪಟ್ಟಿಗೆ ಸೇರಿಸುತ್ತವೆ. ರೋಗನಿರ್ಣಯಕ್ಕೆ ಆ ವಿವರಣೆ ಉಪಯುಕ್ತವೇ. ಆದರೆ ನೀವು ಹೊರಗಿನಿಂದ ಬಂದ ಕೂಡಲೇ ಅವನು ಮಾಡುವ ಮೊದಲ ಕೆಲಸ ನಿಮ್ಮನ್ನು ಕರೆದೊಯ್ಯುವುದು ಎಂಬುದನ್ನು ಆ ಪಟ್ಟಿ ಗಮನಿಸುವುದಿಲ್ಲ, ನೀವು ಗಮನಿಸಬೇಕು.

ನನ್ನ ಬಳಿ ಬರುವ ತಾಯಂದಿರಿಗೆ ಒಂದು ವಾರ ಕೆಲವು ಸಂಗತಿಗಳನ್ನು ಬರೆದಿಡಲು ಹೇಳುತ್ತೇನೆ. ಬಿದ್ದು ನೋವಾದಾಗ ಮಗು ಯಾರಿರುವ ಕೋಣೆಗೆ ಬರುತ್ತದೆ, ಆಟವಾಡುವಾಗ ಯಾರ ಹತ್ತಿರ ಬೆನ್ನು ತಾಗಿಸಿ ಕೂರುತ್ತದೆ, ಯಾರು ಉಣಿಸಿದರೆ ಒಪ್ಪಿಕೊಳ್ಳುತ್ತದೆ, ನೀವು ಎದ್ದು ಹೋದರೆ ಅದರ ಆಟದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಅವರು ಗಮನಿಸಬೇಕು. ಬರೆದದ್ದನ್ನು ಓದಿದ ಮೇಲೆ ಹೆಚ್ಚಿನವರು ಮಗುವಿಗೆ ನಾನು ಬೇಡ ಎಂಬ ಮಾತನ್ನು ಮತ್ತೆ ಆಡುವುದಿಲ್ಲ. ನೀವೂ ಹೀಗೆ ಮಾಡಿ ನೋಡಿ, ನಿಮ್ಮ ಪತಿಯೂ ಬೇರೆಯಾಗಿ ಬರೆಯಲಿ.

ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಅವರು ಸ್ವತಃ ಆಟಿಸಂ ಇರುವ ಸಂಶೋಧಕರು. ಆಟಿಸಂ ಇರುವವರಿಗೆ ಇತರರ ಮನಸ್ಸು ಅರ್ಥವಾಗುವುದು ಕಷ್ಟವಾಗಿರುವಂತೆಯೇ ಇತರರಿಗೂ ಅವರ ಮನಸ್ಸು ಅರ್ಥವಾಗುವುದಿಲ್ಲ, ತೊಡಕು ಎರಡೂ ಕಡೆಯದು ಎಂದು ಅವರು 2012ರಲ್ಲಿ ವಾದಿಸಿದರು. ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ವಿಚಾರಗಳಲ್ಲಿ ಇದೂ ಒಂದು. ಮಗುವಿಗೆ ನಮ್ಮ ರೀತಿಯನ್ನು ಕಲಿಸುವ ಮೊದಲು ನಾವು ಮಗುವಿನ ರೀತಿಯನ್ನು ಕಲಿಯಬೇಕು ಎಂಬ ನನ್ನ ಸಲಹೆಯ ಮೂಲ ಇಲ್ಲಿದೆ.

ಇನ್ನು ನಿಮ್ಮ ಮೇಲೆ ಬಂದಿರುವ ಆರೋಪ. ತಾಯಿಯನ್ನು ದೂರುವ ಈ ಚಾಳಿಗೆ ದೀರ್ಘವಾದ ಇತಿಹಾಸವೇ ಇದೆ, ಮತ್ತು ಅದನ್ನು ಶುರು ಮಾಡಿದವರಲ್ಲಿ ವೈದ್ಯರೂ ಇದ್ದರು ಎಂದು ಹೇಳಲೇಬೇಕು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಅವರು 11 ಮಕ್ಕಳ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಈ ತೊಂದರೆ ಹುಟ್ಟಿನಿಂದಲೇ ಬಂದಿರಬೇಕು ಎಂದು ಹೇಳುತ್ತಲೇ, ಆ ಹೆತ್ತವರಲ್ಲಿ ಆಪ್ತತೆ ಕಡಿಮೆಯಿತ್ತು ಎಂದೂ ಟಿಪ್ಪಣಿ ಮಾಡಿದ್ದರು. ಮುಂದಿನ ಎರಡು ದಶಕಗಳಲ್ಲಿ ಆ ಟಿಪ್ಪಣಿಯೇ ಬೆಳೆದು, ತಾಯಿಯ ಶೀತಲ ಸ್ವಭಾವದಿಂದ ಆಟಿಸಂ ಬರುತ್ತದೆ ಎಂಬ ಸಿದ್ಧಾಂತವಾಯಿತು. ಅಮೆರಿಕದ ಲೇಖಕ ಬ್ರೂನೊ ಬೆಟಲ್‌ಹೈಮ್ 1960ರ ದಶಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಇದಕ್ಕೆ ಆಧಾರವಿಲ್ಲವೆಂದು 1964ರಲ್ಲೇ ತೋರಿಸಿದರು. 1977ರಲ್ಲಿ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳ ಮೇಲೆ ನಡೆದ ಅಧ್ಯಯನವು, ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಆಟಿಸಂ ಇದ್ದರೆ ಇನ್ನೊಬ್ಬರಿಗೂ ಇರುವ ಸಂಭವ ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಿಗಿಂತ ಬಹಳ ಹೆಚ್ಚೆಂದು ತೋರಿಸಿದಾಗ ಚರ್ಚೆಯ ದಿಕ್ಕೇ ಬದಲಾಯಿತು. 2019ರಲ್ಲಿ ಐದು ದೇಶಗಳ ಮಾಹಿತಿಯನ್ನು ಕಲೆಹಾಕಿದ ದೊಡ್ಡ ಅಧ್ಯಯನವೊಂದು, ಆಟಿಸಂ ಬರುವ ಸಂಭವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು 80 ಶೇಕಡಾ ಭಾಗ ಆನುವಂಶಿಕ ಕಾರಣಗಳದ್ದು ಎಂದು ಅಂದಾಜಿಸಿತು.

ಇದರ ಅರ್ಥ ಯಾವುದೋ ಒಂದು ಕೆಟ್ಟ ಜೀನು ತಾಯಿಯಿಂದಲೋ ತಂದೆಯಿಂದಲೋ ಬಂದಿದೆ ಎಂದಲ್ಲ. ನೂರಾರು ಜೀನುಗಳ ಸಣ್ಣ ಸಣ್ಣ ಪ್ರಭಾವಗಳು ಸೇರಿ, ಗರ್ಭದಲ್ಲಿರುವಾಗಲೇ ಮೆದುಳಿನ ನರಕೋಶಗಳು ಒಂದಕ್ಕೊಂದು ಜೋಡಿಕೊಳ್ಳುವ ಕ್ರಮವು ಬೇರೆಯಾಗುತ್ತದೆ. ಹೆತ್ತವರ ಹೆಚ್ಚಿನ ವಯಸ್ಸು, ಬಹಳ ಅವಧಿಗೆ ಮುಂಚಿನ ಹೆರಿಗೆ, ಗರ್ಭಿಣಿ ಸೇವಿಸುವ ವಾಲ್‌ಪ್ರೊಯೇಟ್ ಎಂಬ ಅಪಸ್ಮಾರದ ಔಷಧದಂತಹ ಕೆಲವು ಅಂಶಗಳು ಸಂಭವವನ್ನು ಹೆಚ್ಚಿಸುತ್ತವೆ. ತಾಯಿ ಕೆಲಸಕ್ಕೆ ಹೋಗುವುದು ಇವುಗಳಲ್ಲಿ ಇಲ್ಲ. ಅತ್ತೆಯವರಿಗೆ ಇದನ್ನು ನೀವೇ ಹೇಳಬೇಕಾಗಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ ವೈದ್ಯರ ಬಾಯಿಂದಲೇ ಕೇಳಿಸಿ. ಸೊಸೆ ಹೇಳಿದರೆ ಸಮರ್ಥನೆಯಂತೆ ಕೇಳುವ ಮಾತು ವೈದ್ಯರು ಹೇಳಿದಾಗ ತಿಳಿವಳಿಕೆಯಾಗಿ ತಲುಪುವುದನ್ನು ನಾನು ಅನೇಕ ಮನೆಗಳಲ್ಲಿ ನೋಡಿದ್ದೇನೆ. ಅವರ ಮಾತಿನ ಹಿಂದೆಯೂ ಮೊಮ್ಮಗನ ಬಗ್ಗೆ ಭಯವಿರುತ್ತದೆ.

ಫೋನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರದೆಯ ಮುಂದೆ ಹೆಚ್ಚು ಹೊತ್ತು ಕಳೆಯುವ ಸಣ್ಣ ಮಕ್ಕಳಲ್ಲಿ ಮಾತು ನಿಧಾನವಾಗುವುದು ನಿಜ, ಏಕೆಂದರೆ ಆ ಹೊತ್ತಿನಲ್ಲಿ ಯಾರೂ ಅವರೊಡನೆ ಮಾತನಾಡುತ್ತಿರುವುದಿಲ್ಲ. ಆಟಿಸಂ ಇರುವ ಮಕ್ಕಳು ಪರದೆಯತ್ತ ಹೆಚ್ಚು ಸೆಳೆಯಲ್ಪಡುವುದೂ ನಿಜ. ಆದರೆ ಪರದೆ ಆಟಿಸಂ ಅನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಫೋನು ಕಡಿಮೆ ಮಾಡಿ. ಅದು ಅವನೊಡನೆ ಆಡಲು ನಿಮಗೆ ಸಮಯ ಕೊಡುತ್ತದೆ ಎಂಬ ಕಾರಣಕ್ಕೆ ಮಾಡಿ, ಪ್ರಾಯಶ್ಚಿತ್ತವೆಂದು ಮಾಡಬೇಡಿ.

ಲಸಿಕೆಯ ಮಾತು 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 12 ಮಕ್ಕಳ ಬಗ್ಗೆ ಪ್ರಕಟಿಸಿದ ಪ್ರಬಂಧದಿಂದ ಹಬ್ಬಿತು. ಅದರಲ್ಲಿನ ಮಾಹಿತಿ ಸರಿಯಿಲ್ಲವೆಂದು ಬಯಲಾಗಿ, ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2010ರಲ್ಲಿ ಪ್ರಬಂಧವನ್ನು ಹಿಂಪಡೆಯಿತು; ಅದೇ ವರ್ಷ ಬ್ರಿಟನ್ನಿನ ವೈದ್ಯರ ನೋಂದಣಿಯಿಂದ ವೇಕ್‌ಫೀಲ್ಡ್ ಅವರ ಹೆಸರನ್ನು ತೆಗೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ 6.5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಡಾರ, ಕೆಪ್ಪಟೆ, ರುಬೆಲ್ಲಾ ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಾಗಿ ಕಾಣಲಿಲ್ಲ. ಆದರೂ ಈ ಮಾತು ಅಳಿಯದಿರುವುದಕ್ಕೆ ಕಾರಣವಿದೆ: ಲಸಿಕೆ ಹಾಕಿಸುವ ವಯಸ್ಸು ಮತ್ತು ಆಟಿಸಂನ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳುವ ವಯಸ್ಸು ಎರಡೂ ಒಂದೇ. ನಿಮ್ಮ ಮಗನಂತೆ, ಬಂದ ಮಾತು ಒಂದೂವರೆ ಎರಡು ವರ್ಷದ ನಡುವೆ ನಿಂತುಹೋಗುವುದು ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಪಾಲಿನವರ ಹೆತ್ತವರು ಹೇಳುವ ಸಂಗತಿ. ಹುಟ್ಟಿನಿಂದಲೇ ನಿಯಮಿತವಾಗಿ ಗಮನಿಸಿದ ಅಧ್ಯಯನಗಳಲ್ಲಿ, ಮುಖ ನೋಡುವುದು ಮತ್ತು ನಗುವಿಗೆ ನಗುವುದು ಮೊದಲ ವರ್ಷದ ಉತ್ತರಾರ್ಧದಿಂದಲೇ ನಿಧಾನವಾಗಿ ಕಡಿಮೆಯಾಗುತ್ತಾ ಬಂದಿರುವುದು ಕಂಡಿದೆ. ದಿನವೂ ಜೊತೆಗಿರುವವರಿಗೆ ಇಷ್ಟು ನಿಧಾನದ ಬದಲಾವಣೆ ಗೋಚರಿಸುವುದಿಲ್ಲ. ಮಾತು ನಿಂತಾಗ ಮಾತ್ರ ಗಮನಕ್ಕೆ ಬರುತ್ತದೆ. ಮಾತು ನಿಂತ ಸಂಗತಿಯನ್ನು ನಿಮ್ಮ ವೈದ್ಯರಿಗೆ ಸ್ಪಷ್ಟವಾಗಿ ಹೇಳಿರಿ. ಅದರೊಂದಿಗೆ ದೃಷ್ಟಿ ಒಂದೆಡೆ ನೆಟ್ಟು ಕೆಲ ಕ್ಷಣ ಸ್ತಬ್ಧನಾಗುವುದು, ಮೈ ಜಗ್ಗುವುದು, ನಡಿಗೆ ಅಥವಾ ಕೈಕೆಲಸದ ಸಾಮರ್ಥ್ಯ ಕಳೆದುಹೋಗುವುದು ಇದ್ದರೆ ನರರೋಗ ತಜ್ಞರ ಪರೀಕ್ಷೆ ತಡವಿಲ್ಲದೆ ಆಗಬೇಕು, ಏಕೆಂದರೆ ಆಟಿಸಂ ಇರುವವರಲ್ಲಿ ಅಪಸ್ಮಾರ ಇತರರಿಗಿಂತ ಹೆಚ್ಚು.

ನಿಮ್ಮ ಪತಿಯ ಮಾತಿನಲ್ಲಿ ಸ್ವಲ್ಪ ನಿಜವಿದೆ: ಮಾತು ತಡವಾಗಿ ಬಂದು ಆಮೇಲೆ ಸರಿಹೋಗುವ ಮಕ್ಕಳಿದ್ದಾರೆ. ಆದರೆ ಆ ಮಕ್ಕಳು ಮಾತಿಲ್ಲದೆಯೇ ಬೆರಳು ತೋರಿಸುತ್ತಾರೆ, ಕರೆದರೆ ತಿರುಗುತ್ತಾರೆ, ಹೊಸ ವಸ್ತು ಕಂಡರೆ ನೀವೂ ನೋಡಿದಿರಾ ಎಂಬಂತೆ ನಿಮ್ಮ ಮುಖ ನೋಡುತ್ತಾರೆ. ಈ ಕೊಂಡಿಗಳು ಇಲ್ಲದಿರುವಾಗ ಕಾಯುವುದನ್ನು ನಾನು ಒಪ್ಪುವುದಿಲ್ಲ. ಶ್ರವಣ ಪರೀಕ್ಷೆ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಕೇಳುವ ದೋಷ ಇರಲಾರದು ಎಂದು ಊಹಿಸಬೇಡಿ, ಕೆಲವು ಕಂಪನಾಂಕಗಳ ಶಬ್ದ ಮಾತ್ರ ಕೇಳಿಸದಿರುವುದು ಸಾಧ್ಯ.

ಅದೇ ಹೊತ್ತಿಗೆ, ಐದು ವರ್ಷಕ್ಕೆ ಬಾಗಿಲು ಮುಚ್ಚುತ್ತದೆ ಎಂದು ಕೇಂದ್ರದವರು ಹುಟ್ಟಿಸಿದ ಭಯವೂ ತಪ್ಪು. ನಾಲ್ಕು ವರ್ಷವಾದರೂ ಪದ ಜೋಡಿಸಿ ಮಾತನಾಡದಿದ್ದ, ಆಟಿಸಂ ಇರುವ 535 ಮಕ್ಕಳ ಮಾಹಿತಿಯನ್ನು ಅಮೆರಿಕದ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 70 ಶೇಕಡಾ ಮಕ್ಕಳು ಮುಂದೆ ಪದಗಳನ್ನು ಜೋಡಿಸಿ ಮಾತನಾಡಿದರು. 47 ಶೇಕಡಾ ಮಕ್ಕಳಿಗೆ ನಿರರ್ಗಳ ಮಾತು ಬಂತು. ಮಾತು ಬಾರದೆ ಉಳಿದವರೂ ಇದ್ದಾರೆ. ನಿಮ್ಮ ಮಗ ಯಾವ ಗುಂಪಿಗೆ ಸೇರುತ್ತಾನೆ ಎಂದು ಈ ವಯಸ್ಸಿನಲ್ಲಿ ಖಚಿತವಾಗಿ ಹೇಳುವವರನ್ನು, ಅವರು ಒಳ್ಳೆಯದನ್ನು ಹೇಳಲಿ ಕೆಟ್ಟದ್ದನ್ನು ಹೇಳಲಿ, ನಂಬಬೇಡಿ.

40 ಗಂಟೆಯ ಲೆಕ್ಕ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ನಿರ್ಧಾರ ಸುಲಭವಾದೀತು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಐವಾರ್ ಲೋವಾಸ್ ಅವರು, ವಾರಕ್ಕೆ ಸುಮಾರು 40 ಗಂಟೆ ವರ್ತನಾ ತರಬೇತಿ (ಬೇಕಾದ ವರ್ತನೆಗೆ ಬಹುಮಾನ ಕೊಡುತ್ತಾ ಹಂತಹಂತವಾಗಿ ಕಲಿಸುವ ವಿಧಾನ) ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಮೊದಲ ತರಗತಿಯನ್ನು ಮುಗಿಸಿದರು ಎಂದು ಪ್ರಕಟಿಸಿದರು. ಅಂದಿನ ನಿರಾಶೆಯ ವಾತಾವರಣದಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. ಆದರೆ ಆ ಮಕ್ಕಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗುಂಪು ಮಾಡಿರಲಿಲ್ಲ, ತರಬೇತಿಯಲ್ಲಿ ಗದರುವುದು, ತೊಡೆಗೆ ಏಟು ಕೊಡುವುದು ಕೂಡ ಸೇರಿತ್ತು, ಮತ್ತು ಅಂತಹ ಫಲಿತಾಂಶ ಆಮೇಲಿನ ಎಚ್ಚರದ ಅಧ್ಯಯನಗಳಲ್ಲಿ ಆ ಪ್ರಮಾಣದಲ್ಲಿ ಸಿಗಲಿಲ್ಲ. 2024ರಲ್ಲಿ 140ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ತರಬೇತಿಯ ಗಂಟೆಗಳನ್ನು ಹೆಚ್ಚಿಸಿದಷ್ಟೂ ಪ್ರಯೋಜನ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ವರ್ತನಾ ತರಬೇತಿ ಇಂದು ಬಹಳ ಬದಲಾಗಿದೆ, ಆಟದ ಮೂಲಕ ಮೃದುವಾಗಿ ಕಲಿಸುವವರು ಅನೇಕರಿದ್ದಾರೆ. ಆದ್ದರಿಂದ ಅದನ್ನು ಸಾರಾಸಗಟಾಗಿ ತಿರಸ್ಕರಿಸಬೇಕಿಲ್ಲ. ಆದರೆ ಮೂರೂವರೆ ವರ್ಷದ ಮಗುವಿಗೆ ವಾರಕ್ಕೆ 40 ಗಂಟೆ ಎಂದರೆ ದೊಡ್ಡವರ ಪೂರ್ಣಾವಧಿ ನೌಕರಿ. ಆ ಬೆಲೆ ತೆರಲು ಇರಬೇಕಾದ ಪುರಾವೆ ಇಲ್ಲ. ಕೇಂದ್ರದ ಮಾತಿಗಾಗಿ ನಿಮ್ಮ ಕೆಲಸವನ್ನು ಬಿಡಬೇಡಿ.

ಅದರ ಬದಲಿಗೆ ಏನು ಎಂದರೆ, ಹೆತ್ತವರ ಮೂಲಕವೇ ನಡೆಯುವ ಸಂವಹನ ತರಬೇತಿಯನ್ನು ನಾನು ಮೊದಲು ಸೂಚಿಸುತ್ತೇನೆ. ಬ್ರಿಟನ್ನಿನಲ್ಲಿ 152 ಪುಟ್ಟ ಮಕ್ಕಳ ಮೇಲೆ ನಡೆದ ಇಂತಹದೊಂದು ಪರೀಕ್ಷೆಯ ಫಲಿತಾಂಶ 2010ರಲ್ಲಿ ಬಂತು. ಅಲ್ಲಿ ತಜ್ಞರು ಮಗುವಿಗೆ ಪಾಠ ಮಾಡಲಿಲ್ಲ. ತಾಯಿ ಅಥವಾ ತಂದೆ ಮಗುವಿನೊಡನೆ ಆಡುವುದನ್ನು ವಿಡಿಯೊ ಮಾಡಿ, ಅದನ್ನು ಹೆತ್ತವರ ಜೊತೆ ಕೂತು ನೋಡುತ್ತಾ, ಇಲ್ಲಿ ಮಗು ನಿಮಗೆ ಏನೋ ಹೇಳಿತು, ಇಲ್ಲಿ ನೀವು ತುಸು ಕಾದಿದ್ದರೆ ಉತ್ತರ ಬರುತ್ತಿತ್ತು ಎಂದು ತೋರಿಸಿಕೊಟ್ಟರು. ಮೊದಲ ಹಂತದ ಫಲ ಸಾಧಾರಣವಾಗಿತ್ತು. ಆದರೆ ತರಬೇತಿ ಮುಗಿದ ಸುಮಾರು ಆರು ವರ್ಷಗಳ ಬಳಿಕ, 2016ರಲ್ಲಿ ಪ್ರಕಟವಾದ ಮರುಪರಿಶೀಲನೆಯಲ್ಲಿಯೂ ಆ ಮಕ್ಕಳ ಸಂವಹನ ಹೋಲಿಕೆಯ ಗುಂಪಿಗಿಂತ ಉತ್ತಮವಾಗಿತ್ತು. ಇದು ಪವಾಡವಲ್ಲ, ಆಟಿಸಂ ಹೋಗಲಿಲ್ಲ, ಹೆತ್ತವರ ಸಮಯವನ್ನು ಅದು ಬೇಡುತ್ತದೆ, ಎಲ್ಲ ಮಕ್ಕಳಿಗೂ ಒಂದೇ ರೀತಿ ಫಲಿಸುವುದೂ ಇಲ್ಲ. ಆದರೂ ಇಷ್ಟು ದೀರ್ಘಕಾಲದ ಉಪಯೋಗ ತೋರಿಸಿದ ವಿಧಾನಗಳು ವಿರಳ.

ತರಬೇತುದಾರರು ಸಿಗುವವರೆಗೆ ನೀವು ಮನೆಯಲ್ಲೇ ಆರಂಭಿಸಬಹುದು. ದಿನಕ್ಕೆ ಎರಡು ಬಾರಿ ಹದಿನೈದು ನಿಮಿಷ, ಸದ್ದಿಲ್ಲದ ಜಾಗದಲ್ಲಿ, ಅವನ ಎದುರು ನೆಲದ ಮೇಲೆ ಕೂತುಕೊಳ್ಳಿ. ಅವನು ಚಕ್ರ ತಿರುಗಿಸುತ್ತಿದ್ದರೆ ಆಟವನ್ನು ಬದಲಿಸಲು ಹೋಗದೆ ನೀವೂ ಇನ್ನೊಂದು ಚಕ್ರ ತಿರುಗಿಸಿ. ಇದು ಏನು, ಯಾವ ಬಣ್ಣ, ಹೇಳು ನೋಡೋಣ ಎಂಬ ಪ್ರಶ್ನೆಗಳನ್ನು ಪೂರ್ತಿಯಾಗಿ ಬಿಡಿ; ಅವನು ನೋಡುತ್ತಿರುವುದಕ್ಕೆ ಹೊಂದುವ ಒಂದೆರಡು ಪದ ಮಾತ್ರ ಹೇಳಿ: 'ತಿರುಗ್ತಿದೆ', 'ನಿಂತ್ಹೋಯ್ತು'. ಆಮೇಲೆ ಸುಮ್ಮನಿದ್ದು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹೆತ್ತವರಿಗೆ ಅತ್ಯಂತ ಕಷ್ಟವಾಗುವುದು ಈ ಸುಮ್ಮನಿರುವಿಕೆಯೇ, ಆದರೆ ಮಗುವಿನ ಪ್ರತಿಕ್ರಿಯೆಗೆ ಜಾಗ ಸಿಗುವುದು ಅಲ್ಲಿಯೇ. ಒಂದು ಸಣ್ಣ ನೋಟ, ಒಂದು ಸದ್ದು, ಕೈಯ ಒಂದು ಚಲನೆ ಬಂದರೆ ಅದನ್ನೇ ಮಾತೆಂದು ತಿಳಿದು ಉತ್ತರಿಸಿ. ನನ್ನನ್ನು ನೋಡು ಎಂದು ಗಲ್ಲ ಹಿಡಿದು ತಿರುಗಿಸುವುದು ಬೇಡ.

ಕೈ ಹಿಡಿದು ಕಪಾಟಿಗೆ ಒಯ್ಯುವುದನ್ನೂ ಮುಂದಕ್ಕೆ ಬೆಳೆಸಬಹುದು. ಕಪಾಟಿನಲ್ಲಿರುವ ಆಟಿಕೆಗಳ ಚಿತ್ರಗಳನ್ನು ಅವನ ಕೈಗೆಟುಕುವಲ್ಲಿ ಅಂಟಿಸಿಡಿ. ನಿಮ್ಮ ಕೈ ಎಳೆದಾಗ ಆ ಚಿತ್ರವನ್ನು ಮುಟ್ಟಿಸಿ, ಹೆಸರು ಹೇಳಿ, ಕೂಡಲೇ ವಸ್ತುವನ್ನು ಕೊಡಿ. ಚಿತ್ರಕಾರ್ಡುಗಳು, ಸನ್ನೆಗಳು, ಮಾತನಾಡುವ ಟ್ಯಾಬ್ಲೆಟ್ ಇವುಗಳನ್ನು ಕೊಟ್ಟರೆ ಮಗು ಸೋಮಾರಿಯಾಗಿ ಮಾತೇ ಕಲಿಯುವುದಿಲ್ಲ ಎಂಬ ಹೆದರಿಕೆ ಬಹಳ ವ್ಯಾಪಕವಾಗಿದೆ. ಈವರೆಗಿನ ಅಧ್ಯಯನಗಳಲ್ಲಿ ಇವುಗಳಿಂದ ಮಾತು ಕುಂಠಿತವಾದದ್ದು ಕಂಡಿಲ್ಲ, ಅನೇಕ ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಾಗಿದೆ. ಮಾತು ಬಾರದೆಯೇ ಹೋದರೂ ಬೇಕು, ಬೇಡ, ನೋಯುತ್ತಿದೆ ಎಂದು ಹೇಳಲು ಅವನಿಗೊಂದು ದಾರಿ ಇರುತ್ತದೆ, ಅದಿಲ್ಲದ ಮಗು ಚೀರಿಯೇ ಹೇಳಬೇಕಾಗುತ್ತದೆ. ಮನೆಯಲ್ಲಿ ಎರಡು ಭಾಷೆಗಳಿದ್ದರೆ ಒಂದನ್ನು ಬಿಡಬೇಕು ಎಂಬ ಸಲಹೆಗೂ ಆಧಾರವಿಲ್ಲ. ನಿಮ್ಮ ಹೃದಯಕ್ಕೆ ಹತ್ತಿರವಾದ ಭಾಷೆಯಲ್ಲೇ ಅವನೊಡನೆ ಮಾತನಾಡಿ.

ಥೆರಪಿ ಕೇಂದ್ರವನ್ನು ಆರಿಸುವಾಗ ಗೋಡೆಯ ಮೇಲಿನ ಪ್ರಮಾಣಪತ್ರಗಳಿಗಿಂತ ಒಂದು ಅವಧಿಯನ್ನು ಕೂತು ನೋಡಲು ಬಿಡುತ್ತಾರೆಯೇ ಎಂಬುದನ್ನು ನೋಡಿ. ಬಿಡುವುದಿಲ್ಲ ಎಂದರೆ ಬೇರೆಡೆ ಹೋಗಿ. ಮಗು ಅತ್ತಾಗ ಏನು ಮಾಡುತ್ತೀರಿ, ಕೈ ಬಡಿಯುವುದನ್ನು ನಿಲ್ಲಿಸುತ್ತೀರಾ, ಮನೆಯಲ್ಲಿ ನಾವು ಏನು ಮಾಡಬೇಕೆಂದು ಕಲಿಸುತ್ತೀರಾ ಎಂದು ಕೇಳಿ. ಕೈ ಬಡಿಯುವುದು, ತೂಗಾಡುವುದು ಮಗು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ರೀತಿ. ಅದರಿಂದ ಗಾಯವಾಗದಿದ್ದರೆ ತಡೆಯುವುದರಲ್ಲಿ ಅರ್ಥವಿಲ್ಲ. ಬಲವಂತದಿಂದ ಅಡಗಿಸುವ ತರಬೇತಿ ಮಗುವನ್ನು ವಿಧೇಯನನ್ನಾಗಿ ಮಾಡೀತು, ಆದರೆ ಬೇಡ ಎನ್ನುವ ಹಕ್ಕನ್ನು ಅವನಿಂದ ಕಸಿಯುತ್ತದೆ. ಬೆಳೆದ ಮೇಲೆ ತನ್ನ ಮೈಯನ್ನು ರಕ್ಷಿಸಿಕೊಳ್ಳಲು ಅವನಿಗೆ ಅತ್ಯಗತ್ಯವಾದದ್ದು ಆ ಹಕ್ಕೇ.

ಸ್ಟೆಮ್ ಸೆಲ್ ವಿಷಯದಲ್ಲಿ ನನ್ನ ಉತ್ತರ ನೇರವಾಗಿದೆ: ಮಾಡಿಸಬೇಡಿ. ಅದು ಆಟಿಸಂಗೆ ಉಪಯೋಗವೆಂದು ಸಾಬೀತಾಗಿಲ್ಲ. ಸೋಂಕು, ಅರಿವಳಿಕೆಯ ಅಪಾಯ ಮತ್ತು ಸಂಸಾರವನ್ನು ಸಾಲಕ್ಕೆ ತಳ್ಳುವ ವೆಚ್ಚ ಮಾತ್ರ ಖಚಿತ. ಭಾರಲೋಹಗಳನ್ನು ಮೈಯಿಂದ ತೆಗೆಯುತ್ತೇವೆಂದು ಮಾಡುವ ಕಿಲೇಷನ್ ಚಿಕಿತ್ಸೆಯಿಂದ 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕ ಸತ್ತನು. ಅಧಿಕ ಒತ್ತಡದ ಆಮ್ಲಜನಕ, ಬ್ಲೀಚಿನಂತಹ ದ್ರಾವಣ ಕುಡಿಸುವುದು ಇವೂ ಅದೇ ಸಾಲಿನವು. ಎರಡನೆಯದಂತೂ ಮಗುವಿಗೆ ವಿಷ ಕುಡಿಸಿದಂತೆಯೇ. ಗೋಧಿಯ ಗ್ಲುಟೆನ್ ಮತ್ತು ಹಾಲಿನ ಕೇಸೀನ್ ಬಿಡಿಸುವ ಪಥ್ಯಕ್ಕೆ ದೊರೆತ ಆಧಾರ ದುರ್ಬಲ. ಮೊದಲೇ ನಾಲ್ಕೈದು ಪದಾರ್ಥಗಳನ್ನಷ್ಟೇ ತಿನ್ನುವ ಮಗುವಿನಿಂದ ಅವುಗಳಲ್ಲಿ ಎರಡನ್ನು ಕಸಿದರೆ ಪೌಷ್ಟಿಕಾಂಶದ ಕೊರತೆ ಬರುತ್ತದೆ. ಆಟಿಸಂ ಅನ್ನು ಗುಣಪಡಿಸುತ್ತೇವೆ ಎನ್ನುವುದು, ಹತ್ತು ಬೇರೆ ಬೇರೆ ಕಾಯಿಲೆಗಳಿಗೂ ಅದೇ ಚಿಕಿತ್ಸೆ ಕೊಡುವುದು, ಪುರಾವೆ ಕೇಳಿದರೆ ಹೆತ್ತವರ ಅನುಭವದ ವಿಡಿಯೊಗಳನ್ನು ತೋರಿಸುವುದು, ಹಣವನ್ನು ಮುಂಗಡವಾಗಿ ಪಡೆಯುವುದು, ಇಷ್ಟು ಒಟ್ಟಿಗೆ ಕಂಡರೆ ಎದ್ದು ಬನ್ನಿ.

ಆಟಿಸಂನ ಮೂಲ ಲಕ್ಷಣಗಳನ್ನು ಬದಲಿಸುವ ಔಷಧ ಸದ್ಯಕ್ಕೆ ಇಲ್ಲ. ರಿಸ್ಪೆರಿಡೋನ್ ಮತ್ತು ಅರಿಪಿಪ್ರಜೋಲ್ ಎಂಬ ಎರಡು ಔಷಧಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006 ಮತ್ತು 2009ರಲ್ಲಿ ಅನುಮತಿ ಕೊಟ್ಟದ್ದು, ತನಗೋ ಇತರರಿಗೋ ಗಾಯ ಮಾಡುವಷ್ಟು ತೀವ್ರವಾದ ಕೆರಳುವಿಕೆಗೆ ಮಾತ್ರ. ತೂಕ ಏರುವುದು, ರಕ್ತದ ಸಕ್ಕರೆ ಮತ್ತು ಕೊಬ್ಬಿನ ಏರುಪೇರು, ಮಂಪರು ಅವುಗಳ ಅಡ್ಡ ಪರಿಣಾಮ. ನೀವು ವಿವರಿಸಿದ ಮಗುವಿಗೆ ಅವು ಬೇಕೆಂದು ನನಗೆ ಕಾಣುವುದಿಲ್ಲ. ನಿದ್ದೆಯ ತೊಂದರೆ ಮಾತ್ರ ಪ್ರತ್ಯೇಕ ಗಮನಕ್ಕೆ ಅರ್ಹ, ಏಕೆಂದರೆ ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರಿಗೆ ಅದಿದೆ, ಮತ್ತು ನಿದ್ದೆಗೆಟ್ಟ ಮಗುವಿನ ಹಗಲು, ನಿದ್ದೆಗೆಟ್ಟ ತಾಯಿಯ ಹಗಲು ಎರಡೂ ಹಾಳಾಗುತ್ತವೆ. ಪ್ರತಿದಿನ ಅದೇ ಹೊತ್ತಿಗೆ ಅದೇ ಕ್ರಮದಲ್ಲಿ ಸ್ನಾನ, ಮಂದ ಬೆಳಕು, ಹಾಸಿಗೆ; ಮಲಗುವ ಒಂದು ಗಂಟೆ ಮುಂಚೆ ಪರದೆ ಬಂದ್. ಕೆಲವು ವಾರ ಮಾಡಿಯೂ ಫಲವಿಲ್ಲದಿದ್ದರೆ ವೈದ್ಯರನ್ನು ನಿದ್ದೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನಿನ ಬಗ್ಗೆ ಕೇಳಿ, ತಾವಾಗಿಯೇ ಕೊಂಡು ಕೊಡಬೇಡಿ.

ಸದ್ದಿಗೆ ಚೀರುವುದನ್ನು ಹಠವೆಂದು ತಿಳಿಯಬೇಡಿ. ಹಠ ಮಾಡುವ ಮಗು ನೀವು ನೋಡುತ್ತಿದ್ದೀರಾ ಎಂದು ಕಣ್ಣು ಹಾಯಿಸುತ್ತದೆ, ಬಯಸಿದ್ದು ಸಿಕ್ಕರೆ ಸುಮ್ಮನಾಗುತ್ತದೆ. ಸಂವೇದನೆಯ ಭಾರಕ್ಕೆ ಕುಸಿದ ಮಗುವಿಗೆ ಏನು ಕೊಟ್ಟರೂ ಆ ಕ್ಷಣದಲ್ಲಿ ಬೇಡ. ಸದ್ದು, ಬೆಳಕು, ಜನ, ಮಾತು ಎಲ್ಲವನ್ನೂ ಕಡಿಮೆ ಮಾಡಿ ಪಕ್ಕದಲ್ಲಿರುವುದೇ ಉಪಾಯ. ಯಂತ್ರ ಹಾಕುವ ಮುನ್ನ ಅವನಿಗೆ ತೋರಿಸಿ, ಸದ್ದು ತಡೆಯುವ ಇಯರ್‌ಮಫ್ ಕೊಡಿ. ಎಂದಿನಂತಿದ್ದ ವರ್ತನೆ ಇದ್ದಕ್ಕಿದ್ದಂತೆ ಬಿಗಡಾಯಿಸಿದರೆ ಹಲ್ಲುನೋವು, ಕಿವಿಯ ಸೋಂಕು, ಮಲಬದ್ಧತೆ ಇವೆಯೇ ಎಂದು ಮೊದಲು ಪರೀಕ್ಷಿಸಿ. ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷದ ನಂತರ ಒಮ್ಮೆಯಾದರೂ ಸುರಕ್ಷಿತ ಜಾಗ ಬಿಟ್ಟು ಹೊರಟುಹೋಗಿದ್ದರು. ಅನೇಕ ಮಕ್ಕಳಿಗೆ ನೀರು ಬಹಳ ಪ್ರಿಯ, ಮುಳುಗುವ ಅಪಾಯವೂ ಅಷ್ಟೇ ದೊಡ್ಡದು. ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿ, ನೀರಿನ ತೊಟ್ಟಿಗಳನ್ನು ಮುಚ್ಚಿಡಿ, ಹೆಸರು ಮತ್ತು ದೂರವಾಣಿ ಸಂಖ್ಯೆಯ ಪಟ್ಟಿಯನ್ನು ಅವನ ಕೈಗೆ ಕಟ್ಟಿ, ಆದಷ್ಟು ಬೇಗ ಈಜು ಕಲಿಸಿ.

ಕೊನೆಯದಾಗಿ ಎರಡನೆಯ ಮಗುವಿನ ಪ್ರಶ್ನೆ. ಆಟಿಸಂ ಇರುವ ಮಗುವಿನ ನಂತರ ಹುಟ್ಟಿದ ಮಕ್ಕಳನ್ನು ಮೂರು ವರ್ಷದವರೆಗೆ ಗಮನಿಸಿದ ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ, 2011ರಲ್ಲಿ ಸುಮಾರು 19 ಶೇಕಡಾ, 2024ರಲ್ಲಿ ಸುಮಾರು 20 ಶೇಕಡಾ ಮಕ್ಕಳಿಗೆ ಆಟಿಸಂ ಕಂಡುಬಂತು, ಅಂದರೆ ಐವರಲ್ಲಿ ಒಬ್ಬರಿಗೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಮಿಕ್ಕವರಲ್ಲಿ ಕೆಲವರಿಗೆ ಮಾತು ತಡವಾಗುವಂತಹ ಸಣ್ಣ ತೊಡಕುಗಳಿರಬಹುದು. ನಿರ್ಧರಿಸುವ ಮೊದಲು ಆನುವಂಶಿಕ ತಜ್ಞರನ್ನು ಕಂಡು, ಮಗನಿಗೆ ಕ್ರೋಮೋಸೋಮ್ ಮೈಕ್ರೋಅರೇ (ವರ್ಣತಂತುಗಳಲ್ಲಿ ಯಾವುದಾದರೂ ತುಣುಕು ಕಡಿಮೆ ಅಥವಾ ಹೆಚ್ಚಾಗಿದೆಯೇ ಎಂದು ನೋಡುವ ಪರೀಕ್ಷೆ) ಮತ್ತು ಫ್ರಜೈಲ್ ಎಕ್ಸ್ (ಎಕ್ಸ್ ವರ್ಣತಂತುವಿನ ಒಂದು ಜೀನಿನ ದೋಷ) ಪರೀಕ್ಷೆ ಮಾಡಿಸಿ. ಹೆಚ್ಚಿನ ಮಕ್ಕಳಲ್ಲಿ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಸಿಕ್ಕಿದರೆ ಮುಂದಿನ ಮಗುವಿನ ಅಂದಾಜು ಬಹಳ ಸ್ಪಷ್ಟವಾಗುತ್ತದೆ. ಮುಂದೆ ಇವನನ್ನು ನೋಡಿಕೊಳ್ಳಲು ಒಬ್ಬರು ಬೇಕು ಎಂಬ ಕಾರಣಕ್ಕೆ ಇನ್ನೊಂದು ಮಗುವನ್ನು ಹೆರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಹುಟ್ಟುವ ಮೊದಲೇ ಆ ಮಗುವಿನ ಹೆಗಲಿಗೆ ಹೊರೆ ಏರಿಸುವ ಹಕ್ಕು ನಮಗಿಲ್ಲ. ಮಗು ಬೇಕೆಂಬ ಆಸೆಯೇ ಕಾರಣವಾಗಿದ್ದು, ಅದಕ್ಕೂ ಆಟಿಸಂ ಬಂದರೆ ಸಾಕಬಲ್ಲೆವೇ ಎಂಬ ಪ್ರಶ್ನೆಗೆ ನೀವು ಮತ್ತು ನಿಮ್ಮ ಪತಿ ಇಬ್ಬರೂ ಹೌದು ಎನ್ನುವಂತಾದರೆ, ಮುಂದುವರಿಯಿರಿ. ಆ ಮಗುವನ್ನು ಒಂಬತ್ತನೆಯ ತಿಂಗಳಿನಿಂದಲೇ ಬೆಳವಣಿಗೆಯ ತಪಾಸಣೆಗೆ ಕರೆತರಲು ಆರಂಭಿಸಿ, ಹದಿನೆಂಟು ಮತ್ತು ಇಪ್ಪತ್ತನಾಲ್ಕು ತಿಂಗಳಲ್ಲಿ ಆಟಿಸಂ ತಪಾಸಣೆಯನ್ನು ತಪ್ಪದೆ ಮಾಡಿಸಿ.